ಎಂಆರ್‌ಸಿಪಿ ಪರೀಕ್ಷೆ ಅಂದರೆ ಏನು? ಪಾಸಾದರೆ ಬ್ರಿಟನ್ನಿನಲ್ಲಿ ಸ್ಪೆಷಲಿಸ್ಟ್ ಆಗಿಬಿಡಬಹುದಾ?

ಇಲ್ಲ, ಆಗುವುದಿಲ್ಲ. ಇದು ದೊಡ್ಡವರ ಕಾಯಿಲೆಗಳ ವಿಭಾಗದಲ್ಲಿ, ಅಂದರೆ ಜನರಲ್ ಮೆಡಿಸಿನ್‌ನಲ್ಲಿ, ತರಬೇತಿ ಮುಂದುವರಿಸಲು ಬೇಕಾದ ಪರೀಕ್ಷೆ. ಲಂಡನ್, ಎಡಿನ್‌ಬರೋ, ಗ್ಲಾಸ್ಗೋ ನಗರಗಳ ಮೂರು ರಾಯಲ್ ಕಾಲೇಜುಗಳು (ವೈದ್ಯರ ವೃತ್ತಿಪರ ಸಂಸ್ಥೆಗಳು) ಸೇರಿ ನಡೆಸುತ್ತವೆ. ಕನ್ಸಲ್ಟೆಂಟ್, ಅಂದರೆ ಅಲ್ಲಿನ ಹಿರಿಯ ಸ್ಪೆಷಲಿಸ್ಟ್, ಆಗಲು ಇದಾದ ಮೇಲೂ ವರ್ಷಗಟ್ಟಲೆ ತರಬೇತಿ ಇರುತ್ತದೆ.

ಒಟ್ಟು ಮೂರು ಹಂತ. ಪಾರ್ಟ್ 1 ಬರೆಯಲು ಎಂಬಿಬಿಎಸ್ ನಂತರ 12 ತಿಂಗಳ ಕೆಲಸದ ಅನುಭವ ಬೇಕು. ಒಂದೇ ದಿನ ಎರಡು ಪೇಪರ್, ತಲಾ ಮೂರು ಗಂಟೆ, ತಲಾ 100 ಪ್ರಶ್ನೆ. ಐದು ಆಯ್ಕೆಗಳಲ್ಲಿ ಹೆಚ್ಚು ಸರಿಯಾದದ್ದನ್ನು ಆರಿಸಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ! ಪಾರ್ಟ್ 2 ಕೂಡ ಬರಹದ ಪರೀಕ್ಷೆಯೇ.

ನಿಜವಾಗಿ ಬೆವರಿಳಿಸುವುದು ಮೂರನೇ ಹಂತವಾದ ಪೇಸಸ್, ಅಂದರೆ ರೋಗಿಗಳನ್ನು ನೋಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ. ಐದು ಸ್ಟೇಷನ್ (ಒಂದಾದ ಮೇಲೊಂದು ಹೋಗಬೇಕಾದ ಪರೀಕ್ಷಾ ತಾಣ), ಪ್ರತಿಯೊಂದರಲ್ಲೂ ಇಬ್ಬರು ಪರೀಕ್ಷಕರು, ಎದುರಿಗೆ ನಿಜವಾದ ರೋಗಿಗಳೂ ಇರುತ್ತಾರೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಗುರುತಿಸಿದರಷ್ಟೇ ಸಾಲದು. ಗಾಬರಿಯಾದ ಮನೆಯವರಿಗೆ ಕೆಟ್ಟ ಸುದ್ದಿ ಹೇಗೆ ಹೇಳುತ್ತೀರಿ, ರೋಗಿಗೆ ನೋವಾಗದಂತೆ ನೋಡಿಕೊಂಡಿರಾ, ಇದಕ್ಕೂ ಅಂಕ ಇದೆ. ಏಳು ಕೌಶಲಗಳನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಒಟ್ಟು ಅಂಕ ಚೆನ್ನಾಗಿದ್ದರೂ ಒಂದು ಕೌಶಲದಲ್ಲಿ ಕೈಕೊಟ್ಟರೆ ಫೇಲ್. ನಮ್ಮಲ್ಲಿ ಸುಮ್ನೆ ಪುಸ್ತಕ ಉರು ಹೊಡೆದವರು ಎಡವುವುದು ಇಲ್ಲೇ ಜಾಸ್ತಿ ಅನ್ನೋದು ನನ್ನ ಅನಿಸಿಕೆ.

ಇನ್ನೊಂದು ವಿಷಯ: ಮೂರೂ ಹಂತ ಮುಗಿಸಿದವರು ಬ್ರಿಟನ್ನಿನಲ್ಲಿ ವೈದ್ಯರಾಗಿ ನೋಂದಣಿ ಪಡೆಯಲು ಪ್ಲಾಬ್ (ಹೊರದೇಶದಲ್ಲಿ ಓದಿದ ವೈದ್ಯರಿಗಿರುವ ಅರ್ಹತಾ ಪರೀಕ್ಷೆ) ಬರೆಯಬೇಕಿಲ್ಲ. ಇಂಗ್ಲಿಷ್ ಪರಿಣತಿಯನ್ನಂತೂ ತೋರಿಸಲೇಬೇಕು.