ವೀಲ್‌ಚೇರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಯಜಮಾನರು ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದು ಎರಡು ವರ್ಷವಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವೂ ಇಲ್ಲ, ಮುಟ್ಟಿದ್ದು ಗೊತ್ತಾಗುವುದೂ ಇಲ್ಲ. ಶಿಬಿರದಲ್ಲಿ ಕೊಟ್ಟ ವೀಲ್‌ಚೇರಿನಲ್ಲಿ ಕೂರಿಸಿದರೆ ಅರ್ಧ ಗಂಟೆಯಲ್ಲೇ ಎಡಕ್ಕೆ ವಾಲುತ್ತಾರೆ. ಈಗ ಕುಂಡಿಯ ಎಡಭಾಗ ಕೆಂಪಗಾಗಿದೆ. ಗಾಳಿ ತುಂಬಿದ ರಿಂಗ್ ಇಟ್ಟರೂ ಕಡಿಮೆಯಾಗಿಲ್ಲ.
– ಓದುಗರು, ಶಿರಸಿ

ಉತ್ತರ: ಮೊದಲು ಆ ರಿಂಗ್ ತೆಗೆದುಬಿಡಿ. ಅದು ಸುತ್ತಲಿನ ಚರ್ಮವನ್ನು ಒತ್ತಿ ಹಿಡಿದು, ನಡುವಿನ ಜಾಗಕ್ಕೆ ರಕ್ತ ಹರಿಯುವುದನ್ನೇ ಕಡಿಮೆ ಮಾಡುತ್ತದೆ. ಕೆಂಪು ಪೂರ್ತಿ ಹೋಗುವವರೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಬೇಡಿ. ಮಲಗಿಸಿ, ತಲೆಭಾಗ ಎತ್ತರಿಸದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಇಲ್ಲಿ ಮಾತ್ರ ಬೇಡ, ಒಳಗೆ ಆಗಲೇ ಸೋತಿರುವ ಮಾಂಸಕ್ಕೆ ಅದು ಇನ್ನೊಂದು ಪೆಟ್ಟು. ಬೆರಳಿನಿಂದ ಒತ್ತಿ ಬಿಡಿ: ಕ್ಷಣಕಾಲ ಬಿಳಿಚಿಕೊಂಡರೆ ರಕ್ತ ಓಡಾಡುತ್ತಿದೆ, ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಂಥವರಿಗೆ ಅಂಗೈ ಹಿಂಭಾಗ ಇಟ್ಟು, ಬಲಭಾಗಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಚರ್ಮ ಬಿರಿದರೆ, ಕಪ್ಪಾದರೆ, ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ.

ಇನ್ನು ವಾಲುವ ವಿಷಯ. ಹೀಗೆ ಸಿಗುವ ಕುರ್ಚಿಗಳ ಸೀಟು ಹೆಚ್ಚಾಗಿ 18 ಇಂಚು ಅಗಲ. ಅವರನ್ನು ಗಟ್ಟಿ ಬೆಂಚಿನ ಮೇಲೆ ಹಿಡಿದು ಕೂರಿಸಿ, ಸೊಂಟದ ಎರಡೂ ಬದಿಗೆ ಒಂದೊಂದು ದಪ್ಪ ಪುಸ್ತಕ ನಿಲ್ಲಿಸಿ ನಡುವಿನ ಅಂತರ ಅಳೆಯಿರಿ. ಬೆಂಚಿಗೂ ಚರ್ಮ ಹೆದರುತ್ತದೆ, ಒಂದೆರಡು ನಿಮಿಷದಲ್ಲಿ ಮುಗಿಸಿ. ಕೆಂಪು ಹೋದ ಮೇಲೇ ಇದನ್ನು ಮಾಡಿ. ಆ ಅಳತೆಗೆ ಒಂದು ಇಂಚು ಸೇರಿಸಿದರೆ ಬರುವುದೇ ಅವರ ಸೀಟಿನ ಅಗಲ. ಸೊಂಟ 14 ಇಂಚಿದ್ದವರನ್ನು 18ರ ಸೀಟಿನಲ್ಲಿ ಕೂರಿಸಿದರೆ ನಾಲ್ಕು ಇಂಚು ಖಾಲಿ. ಸೊಂಟ ಒಂದು ಬದಿಗೆ ಜಾರಿ, ಕೂರುವ ಎರಡು ಮೂಳೆ ಹೊರಬೇಕಾದ ಭಾರವನ್ನು ಒಂದೇ ಹೊರುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಸರಿಯಾದ ಕುರ್ಚಿ ಸಿಗುವ ತನಕ ಎರಡೂ ಬದಿಗೆ ಸಮನಾಗಿ ಸುತ್ತಿದ ಬೆಡ್‌ಶೀಟ್ ಇಡಿ. ಎಡಕ್ಕೆ ಮಾತ್ರ ಇಟ್ಟರೆ ಬಲಕ್ಕೆ ಜಾರುತ್ತಾರೆ.

ಸೀಟಿನ ಉದ್ದವೂ ಮುಖ್ಯ: ಬೆನ್ನ ಹಿಂದಿನಿಂದ ಮಂಡಿಯ ಮಡಿಕೆವರೆಗೆ ಅಳೆದು ಎರಡು ಇಂಚು ಕಳೆಯಿರಿ. ಅದಕ್ಕಿಂತ ಉದ್ದವಿದ್ದರೆ ಮಂಡಿಯ ಹಿಂದೆ ತಾಗಿ, ಅವರು ಮುಂದಕ್ಕೆ ಸರಿದು ಬೆನ್ನಿನ ತಳದ ಮೇಲೆ ಕೂರುತ್ತಾರೆ. ಕಾಲಿಡುವ ಪ್ಲೇಟು ಎತ್ತರದಲ್ಲಿದ್ದರೆ ಮಂಡಿ ಮೇಲೇರಿ ತೊಡೆ ಭಾರ ಹೊರುವುದಿಲ್ಲ. ತೊಡೆಯ ಪೂರ್ತಿ ಉದ್ದ ಮೆತ್ತೆಗೆ ತಾಗುವಷ್ಟು ಪ್ಲೇಟನ್ನು ಇಳಿಸಿ. ನೆಲದಿಂದ ಎರಡು ಇಂಚಾದರೂ ಮೇಲಿರಲಿ.

ಮೆತ್ತೆ ಯಾವುದು? ರೆಕ್ಸಿನ್ ಸೀಟು ಕೆಲವೇ ತಿಂಗಳಲ್ಲಿ ತೊಟ್ಟಿಲಿನಂತೆ ಜೋಲುತ್ತದೆ. ಅದರ ಮೇಲೆ ಅಂಚು ಉಜ್ಜಿ ನುಣುಪು ಮಾಡಿದ 12 ಮಿ.ಮೀ. ಪ್ಲೈವುಡ್ ಹಲಗೆ, ಅದರ ಮೇಲೆ ಕೆಳಗೆ ಗಟ್ಟಿ, ಮೇಲೆ ಮೆತ್ತಗಿನ ಎರಡು ಪದರದ ಮೂರು–ನಾಲ್ಕು ಇಂಚು ಫೋಮ್. ಹೊದಿಕೆ ಹಿಗ್ಗುವ ಬಟ್ಟೆಯದಾಗಿರಲಿ. ರೆಕ್ಸಿನ್ ಬೆವರು ಹಿಡಿದಿಡುತ್ತದೆ. ಅವರು ಕೂತಿರುವಾಗ ಮೆತ್ತೆಗೂ ಹಲಗೆಗೂ ನಡುವೆ ನಿಮ್ಮ ಅಂಗೈ ತೂರಿಸಿ ನೋಡಿ. ಮೂಳೆ ಬೆರಳಿಗೆ ಒತ್ತಿದರೆ ಆ ಫೋಮಿನ ಆಯಸ್ಸು ಮುಗಿದಿದೆ. ಮೆತ್ತೆ ದಪ್ಪವಾದಂತೆ ಅವರು ಮೇಲೇರುತ್ತಾರೆ, ಆದ್ದರಿಂದ ಪ್ಲೇಟಿನ ಎತ್ತರ ಮತ್ತೆ ಹೊಂದಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಎಂಥ ಮೆತ್ತೆಯಿದ್ದರೂ ಅರ್ಧ ಗಂಟೆಗೊಮ್ಮೆ ಭಾರ ಇಳಿಸಲೇಬೇಕು. ಕುರ್ಚಿಯನ್ನು ಒಂದಡಿ ಹಿಂದಕ್ಕೆ ತಳ್ಳಿ ಬ್ರೇಕ್ ಹಾಕಿ. ಹಾಗೆ ಮಾಡಿದರೆ ಮುಂದಿನ ಚಿಕ್ಕ ಗಾಲಿಗಳು ಮುಂದಕ್ಕೆ ತಿರುಗಿ, ಕುರ್ಚಿ ಮುಗ್ಗರಿಸುವುದಿಲ್ಲ. ಆಮೇಲೆ ಎದೆಯನ್ನು ತೊಡೆಗೆ ತಾಗಿಸಿ ಬಾಗಿ ಎರಡು ನಿಮಿಷ ಇರಲಿ. ನೀವು ಭುಜ ಹಿಡಿದುಕೊಂಡಿರಿ. ಕೈಯೂರಿ ಮೇಲೇಳುವ ವಿಧಾನವನ್ನು ಹಲವೆಡೆ ಕಲಿಸುತ್ತಾರೆ, ಆದರೆ ಎರಡು ನಿಮಿಷ ಹಾಗೆ ನಿಲ್ಲುವ ತೋಳು ಯಾರಿಗಿದೆ?

ಪ್ರಶ್ನೆ: ಮನೆಯ ಮುಂದೆ ಮೂರು ಮೆಟ್ಟಿಲು, ಒಟ್ಟು 18 ಇಂಚು ಎತ್ತರ. ಎಂಟು ಅಡಿ ಉದ್ದದ ಇಳಿಜಾರು ಸಾಕು ಎನ್ನುತ್ತಾರೆ ಮೇಸ್ತ್ರಿ. ಮಗಳು ತಾನೇ ಕುರ್ಚಿ ತಳ್ಳಿಕೊಳ್ಳುತ್ತಾಳೆ.
– ಓದುಗರು, ಧಾರವಾಡ

ಉತ್ತರ: ಸಾಲದು. ಎಂಟು ಅಡಿ ಎಂದರೆ 96 ಇಂಚು; ಪ್ರತಿ ಐದು ಚಿಲ್ಲರೆ ಇಂಚಿಗೆ ಒಂದು ಇಂಚು ಏರು. ಅದನ್ನು ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳಬಹುದು. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಿಮಗೆ 18 ಅಡಿ ಬೇಕು.

ಮುಂದೆ ಅಷ್ಟು ಜಾಗ ಇಲ್ಲದಿದ್ದರೆ ಮಡಚಿ ಕಟ್ಟಿ: ಒಂಬತ್ತು ಅಡಿ ಏರು, ಐದು ಅಡಿ ಉದ್ದದ, ಅಕ್ಕಪಕ್ಕದ ಎರಡೂ ಇಳಿಜಾರಿಗೆ ಸಾಲುವಷ್ಟು ಅಗಲದ ಸಮತಟ್ಟು, ಹಿಂದಿರುಗಿ ಮತ್ತೆ ಒಂಬತ್ತು ಅಡಿ. ಬಾಗಿಲ ಮುಂದೆಯೂ ಐದು ಅಡಿ ಸಮತಟ್ಟು ಇರಲೇಬೇಕು. ಇಲ್ಲದಿದ್ದರೆ ಚಿಲಕ ತೆಗೆಯಲು ಕೈ ಎತ್ತಿದಾಗ ಕುರ್ಚಿ ಹಿಂದಕ್ಕೆ ಹೊರಟುಬಿಡುತ್ತದೆ. ಇಳಿಜಾರಿನ ಅಗಲ ಮೂರೂವರೆ ಅಡಿ. ಎರಡೂ ಅಂಚಿಗೆ ಮೂರು ಇಂಚಿನ ಕಟ್ಟೆ ಇದ್ದರೆ ಚಿಕ್ಕ ಗಾಲಿ ಹೊರಗೆ ಜಾರದು.

ಗ್ರಾನೈಟ್, ಟೈಲ್ಸ್ ಬೇಡ. ಸಿಮೆಂಟ್ ಹಸಿಯಿರುವಾಗಲೇ ಅಡ್ಡಡ್ಡ ಕಸಬರಿಗೆ ಎಳೆದು ಒರಟು ಮಾಡಿಸಿ. ಕೆಳತುದಿ ನೆಲಕ್ಕೆ ಸೇರುವಲ್ಲಿ ಅರ್ಧ ಇಂಚಿನ ಮೆಟ್ಟಿಲು ಉಳಿಸುವುದು ಮೇಸ್ತ್ರಿಗಳ ಸಾಮಾನ್ಯ ತಪ್ಪು. ಚಿಕ್ಕ ಗಾಲಿ ಅಲ್ಲಿ ಸಿಕ್ಕಿಕೊಂಡು, ಕೂತವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ರಂಗೋಲಿಯನ್ನು ಸಮತಟ್ಟಿನ ಒಂದು ಮೂಲೆಗೆ ಸರಿಸಿ; ನಯವಾದ ರಂಗೋಲಿ ಪುಡಿ ಮೇಲೂ ಗಾಲಿ ಜಾರುತ್ತದೆ.

ಪ್ರಶ್ನೆ: ಬ್ರೇಕ್ ಹಾಕಿದರೂ ಕುರ್ಚಿ ಸರಿಯುತ್ತದೆ. ಮೊನ್ನೆ ಹಾಸಿಗೆಗೆ ದಾಟುವಾಗ ಬಿದ್ದೆ. ಬ್ರೇಕ್ ಬದಲಿಸಬೇಕೇ?
– ಓದುಗರು, ಮಂಗಳೂರು

ಉತ್ತರ: ಮೊದಲು ಗಾಳಿ ನೋಡಿ. ಈ ಬ್ರೇಕು ಟೈರನ್ನೇ ಒತ್ತಿ ಹಿಡಿಯುವುದು. ಟೈರು ಮೆತ್ತಗಾದರೆ ಬ್ರೇಕಿಗೆ ಹಿಡಿಯಲು ಏನೂ ಇರುವುದಿಲ್ಲ. ಎಷ್ಟು ಗಾಳಿ ಬೇಕೆಂದು ಟೈರಿನ ಬದಿಯಲ್ಲೇ ಬರೆದಿರುತ್ತದೆ. ಗಾಳಿ ಹಾಕಿದ ಮೇಲೂ ಸರಿದರೆ ಬ್ರೇಕಿನ ಬೋಲ್ಟ್ ಸಡಿಲಿಸಿ, ಬ್ರೇಕನ್ನು ಟೈರಿನ ಕಡೆ ಸ್ವಲ್ಪ ಸರಿಸಿ ಬಿಗಿ ಮಾಡಿ. ಈ ಕ್ರಮ ತಿರುವುಮುರುವಾಗಬಾರದು: ಗಾಳಿಯಿಲ್ಲದ ಟೈರಿಗೆ ಬ್ರೇಕ್ ಹೊಂದಿಸಿದರೆ, ಗಾಳಿ ಹಾಕಿದ ಮೇಲೆ ಗಾಲಿಯೇ ತಿರುಗದು.

ಟೈರ್ ತರಲು ಸೈಕಲ್ ಅಂಗಡಿಗೆ ಹೋದರೆ ‘24 ಇಂಚು’ ಎಂದಷ್ಟೇ ಕೇಳಬೇಡಿ. ಬಹಳಷ್ಟು ವೀಲ್‌ಚೇರ್‌ಗಳದ್ದು 24×1 3/8, ಬದಿಯಲ್ಲಿ 37-540 ಎಂದಿರುತ್ತದೆ. ಮಕ್ಕಳ ಸೈಕಲ್ಲಿನ 24×1.75, ಅಂದರೆ 47-507, ಆ ರಿಮ್ಮಿಗೆ ಕೂರುವುದೇ ಇಲ್ಲ. ಮುಂದಿನ ಗಾಲಿ ಬಿಗಿಯಾಗಿದ್ದರೆ ಅಚ್ಚಿಗೆ ಸುತ್ತಿಕೊಂಡ ತಲೆಗೂದಲು, ದಾರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ.

ಪ್ರಶ್ನೆ: ಲಿಥಿಯಂ ಬ್ಯಾಟರಿಯ ಎಲೆಕ್ಟ್ರಿಕ್ ವೀಲ್‌ಚೇರ್ ವಿಮಾನದಲ್ಲಿ ಒಯ್ಯಬಹುದೇ? ಬ್ಯಾಟರಿ ಬಿಚ್ಚಬಹುದು, 24 ವೋಲ್ಟ್, 12 ಆಂಪಿಯರ್-ಅವರ್ ಎಂದಿದೆ.
– ಓದುಗರು, ಬೆಂಗಳೂರು

ಉತ್ತರ: ಒಯ್ಯಬಹುದು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ: 24×12 ಎಂದರೆ 288 ವ್ಯಾಟ್-ಅವರ್. ಬಿಚ್ಚಿದ ಬ್ಯಾಟರಿಗೆ ಮಿತಿ 300. ಅದನ್ನು ತುದಿಗಳಿಗೆ ಟೇಪ್ ಅಂಟಿಸಿ, ಚೀಲದಲ್ಲಿಟ್ಟು ಕ್ಯಾಬಿನ್‌ಗೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. ವಿಮಾನ ಸಂಸ್ಥೆಗೆ 48 ಗಂಟೆ ಮೊದಲೇ ಲಿಖಿತವಾಗಿ ತಿಳಿಸಿ. ಬ್ಯಾಟರಿಯ ಮೇಲಿನ ಲೇಬಲ್ಲಿನ ಫೋಟೊ ಜೊತೆಗಿರಲಿ. ಮೆತ್ತೆ, ಕಾಲು ಪ್ಲೇಟುಗಳು, ಬಿಚ್ಚಲು ಬರುವುದಾದರೆ ಜಾಯ್‌ಸ್ಟಿಕ್ಕನ್ನೂ ನಿಮ್ಮೊಂದಿಗೇ ಇಟ್ಟುಕೊಳ್ಳಿ, ಮುರಿಯುವುದು ಇವೇ. ಇಳಿಯುವಾಗ ಕುರ್ಚಿ ವಿಮಾನದ ಬಾಗಿಲಿಗೇ ಬೇಕೆಂದು ಟ್ಯಾಗಿನ ಮೇಲೆ ಬರೆಸಿ, ಇಲ್ಲದಿದ್ದರೆ ಅದು ಬೆಲ್ಟಿನ ಕಡೆ ಹೋಗಿರುತ್ತದೆ.