ಅಮೆರಿಕದಾಗಿರೋ ಅಣ್ಣಗ ಎಎಲ್‌ಎಸ್ ಅಂದಾರ, ಡಿಸೆಬಿಲಿಟಿ ದುಡ್ಡು ಲಗೂ ಸಿಗತೈತೇನ್ರಿ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಸುಮ್ನ ಕುಂತಿದ್ದೆ ರೀ. ಸಿಂಧನೂರಿನವ್ರು ನೀವು, ಅಣ್ಣಾರಿಗೆ 41 ವಯಸ್ಸು, ಎಂಟೊಂಬತ್ತು ವರ್ಷದಿಂದ ಅಮೆರಿಕದಾಗ ಕೆಲಸ, ಗ್ರೀನ್ ಕಾರ್ಡ್ ಐತಿ, ಹೋದ ತಿಂಗಳ ಎಎಲ್‌ಎಸ್ (ಅಮಿಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ನರ ಸತ್ತು ಸ್ನಾಯುವಿನ ಬಲ ಹೋಗೋ ರೋಗ) ಅಂತ ಹೇಳ್ಯಾರ, ಸೀರಿಯಸ್ ರೋಗ ಇದ್ದವ್ರಿಗೆ ಅಲ್ಲಿ ಸರ್ಕಾರದ ದುಡ್ಡು ಬೇಗ ಸಿಗೋ ದಾರಿ ಐತಂತ, ನಿಜಾನಾ ಅಂತ ಕೇಳೀರಿ. ನಿಜ ಐತ್ರಿ. ನಮ್ಮ ಅಕ್ಕನ ಗಂಡಗ ಟೆಕ್ಸಾಸ್‌ದಾಗ ಗ್ಲಿಯೋಬ್ಲಾಸ್ಟೋಮಾ ಬಂದಿತ್ತು, ಮಿದುಳಿನ ಕ್ಯಾನ್ಸರ್, ಭಾಳ ಕೆಟ್ಟದ್ದು. ಅಕ್ಕ ಆಸ್ಪತ್ರೆ, ಮಗು, ಅಡಿಗಿ ಅಂತ ಓಡಾಡೋದ್ರಾಗ ಇದ್ಲು, ಹಂಗಾಗಿ ಅರ್ಜಿ ಕೆಲಸ ಅರ್ಧಕ್ಕರ್ಧ ನಾನ ಇಲ್ಲಿ ಗಂಗಾವತ್ಯಾಗ ಕುಂತು ವಿಡಿಯೋ ಕಾಲ್‌ನ್ಯಾಗ ಮಾಡಿಸಿದ್ದೆ. ಅಲ್ಲಿ ಬೆಳಿಗ್ಗೆ 8ಕ್ಕ ಸೋಶಿಯಲ್ ಸೆಕ್ಯುರಿಟಿ ಆಫೀಸಿನ (ದುಡಿದವ್ರಿಗೆ ಪಿಂಚಣಿ, ಡಿಸೆಬಿಲಿಟಿ ದುಡ್ಡು ಕೊಡೋ ಸರ್ಕಾರಿ ಆಫೀಸು) ಫೋನ್ ಚಾಲೂ ಆದ್ರ ನಮಗ ಬ್ಯಾಸಿಗ್ಯಾಗ ಸಂಜಿ 6:30, ಎಷ್ಟೋ ದಿನ ಅಂಗಡಿ ಬಾಗ್ಲಾ ಹಾಕಿ ಅದನ್ನ ಮಾಡೀನಿ.

ಅದರ ಹೆಸರು ಕಂಪ್ಯಾಶನೇಟ್ ಅಲೋವೆನ್ಸಸ್ ಅಂತ. ಹೆಸರು ಕೇಳಿದ್ರ ಬ್ಯಾರೆ ಒಂದು ಸ್ಕೀಮು, ಬ್ಯಾರೆ ಫಾರ್ಮು ಅನಸ್ತೈತಿ, ನಾವೂ ಹಂಗ ತಿಳ್ಕೊಂಡು ಎರಡು ದಿನ ಆ ಫಾರ್ಮ್ ಹುಡುಕಿದ್ವಿ. ಅಂಥ ಫಾರ್ಮ್ ಇಲ್ಲರಿ. ಎಲ್ಲಾರೂ ಹಾಕೋ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಅರ್ಜೀನ ಹಾಕೋದು, ಅದರೊಳಗ ರೋಗದ ಹೆಸರು ಅವ್ರ ಲಿಸ್ಟ್‌ನ್ಯಾಗ ಇದ್ರ ಕಂಪ್ಯೂಟರ್ ಅದನ್ನ ಗುರುತು ಹಿಡಿದು ಮುಂದಕ್ಕ ತಳ್ತೈತಿ. ಬಾಕಿ ಮಂದಿಗೆ ಆರು ತಿಂಗಳು, ಅದಕ್ಕೂ ಹೆಚ್ಚು ಹಿಡಿಯೋ ತೀರ್ಮಾನ ಇಂಥವ್ರಿಗೆ ಕೆಲವು ವಾರದಾಗ ಬರ್ತೈತಿ. 2008ರ ಅಕ್ಟೋಬರ್‌ದಾಗ ಶುರು ಮಾಡಿದಾಗ 50 ರೋಗ ಇದ್ವು, 2025ರ ಆಗಸ್ಟಿಗೆ 300 ಆಗ್ಯಾವ. ಎಎಲ್‌ಎಸ್ ಮೊದಲಿನಿಂದಾನೂ ಐತಿ, ಮಾಮಾರ ಗ್ಲಿಯೋಬ್ಲಾಸ್ಟೋಮಾನೂ ಇತ್ತು.

ನಾವು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬ್ಯಾಡ್ರಿ. ಪರಿಚಯದವ್ರೊಬ್ರು ಅಕ್ಕಗ ಒಂದು ವರ್ಷ ಕಾಯಿಲೆ ಇದ್ದ ಮ್ಯಾಲನ ಅರ್ಜಿ ಹಾಕಬೇಕು ಅಂತ ಹೇಳಿದ್ರು, ಆಕಿ ನಂಬಿ ಎರಡು ತಿಂಗಳು ಸುಮ್ನಿದ್ಲು. ರೂಲ್ ಇರೋದು ಏನಂದ್ರ, ಕಾಯಿಲೆ 12 ತಿಂಗಳು ಇರೋವಂಥದ್ದು ಇಲ್ಲಾ ಜೀವ ತೆಗಿಯೋವಂಥದ್ದು ಆಗಿರಬೇಕು, ಕಾದು ತೋರಿಸು ಅಂತಲ್ಲ. ಆಮ್ಯಾಲ ಹಾಕಿದಾಗ ರೋಗದ ಕಾಲಂದಾಗ ಆಕಿ ಬರೀ ಬ್ರೇನ್ ಟ್ಯೂಮರ್, ತಲಿನೋವು, ಫಿಟ್ಸ್ ಅಂತ ಬರದಿದ್ಲು, ಪಾಪ ಆಕಿಗೆ ಆವಾಗ ಅದೊಂದ ಕಣ್ಣಿಗೆ ಕಾಣೋದು. ನಾಕು ವಾರ ಏನೂ ಅಲುಗಾಡಲಿಲ್ಲ. ಫೋನ್ ಹಚ್ಚಿ ಗ್ಲಿಯೋಬ್ಲಾಸ್ಟೋಮಾ ಅಂತ ಪೂರ್ತಿ ಹೆಸರು ಸೇರಿಸಿ, ಬಯಾಪ್ಸಿಯ ಪೆಥಾಲಜಿ ರಿಪೋರ್ಟ್, ಆಪರೇಷನ್ ನೋಟ್ ಎರಡೂ ಕಳಿಸಿದ ಮ್ಯಾಲ ಮೂರು ವಾರಕ್ಕ ಅಪ್ರೂವಲ್ ಪತ್ರ ಬಂತು. ನೀವು ಅಣ್ಣಾರ ಅರ್ಜ್ಯಾಗ ಕೈಕಾಲು ಬಲ ಇಲ್ಲ, ಮಾತು ತೊದಲ್ತೈತಿ ಅಂತ ಶುರು ಮಾಡಬ್ಯಾಡ್ರಿ, ಮೊದಲ್ನೇ ಸಾಲಿನ್ಯಾಗ ಎಎಲ್‌ಎಸ್ ಅಂತ ಪೂರ್ತಿ ಹೆಸರು ಸಮೇತ ಬರೀರಿ, ನ್ಯೂರಾಲಜಿಸ್ಟ್ ಬರದ ನೋಟ್ಸ್, ಇಎಂಜಿ ಮತ್ತ ನರ್ವ್ ಕಂಡಕ್ಷನ್ ರಿಪೋರ್ಟ್ (ಸ್ನಾಯು, ನರ ಹೆಂಗ ಕೆಲಸ ಮಾಡ್ತಾವ ಅಂತ ನೋಡೋ ಪರೀಕ್ಷೆದ್ದು) ಕೈಯಾಗಿಟ್ಕೊಳ್ರಿ. ಆಸ್ಪತ್ರೆಯಿಂದ ದಾಖಲೆ ತರಿಸ್ಕೊಳ್ಳಾಕ ಒಪ್ಪಿಗೆ ಪತ್ರಕ್ಕ ಸಹಿ ಕೇಳ್ತಾರ, ಅಣ್ಣಾರ ಬೆರಳು ಆಡೋದ್ರಾಗನ ಅದನ್ನ ಮಾಡಿಸ್ರಿ.

ಇನ್ನೊಂದು ಎಲ್ಲಾರೂ ತಪ್ಪು ತಿಳ್ಕೊಳ್ಳೋದು. ಲಗೂ ಆಗೋದು ತೀರ್ಮಾನ ಮಾತ್ರ, ದುಡ್ಡಲ್ಲ. ಕಾಯಿಲೆಯಿಂದ ಕೆಲಸ ನಿಂತ ತಾರೀಖಿನಿಂದ ಐದು ಪೂರ್ತಿ ತಿಂಗಳಿಗೆ ದುಡ್ಡಿಲ್ಲ, ಆರನೇ ತಿಂಗಳಿಂದ ಲೆಕ್ಕ. ಮಾಮ ಮಾರ್ಚ್ 10ಕ್ಕ ಕೆಲಸ ಬಿಟ್ಟಿದ್ರು, ಏಪ್ರಿಲ್‌ನಿಂದ ಆಗಸ್ಟ್ ಖಾಲಿ, ಸೆಪ್ಟೆಂಬರ್‌ದ್ದು ಅಕ್ಟೋಬರ್‌ದಾಗ ಕೈಗೆ ಬಂತು. ಆ ಐದು ತಿಂಗಳು ಕಂಪನಿಯ ಶಾರ್ಟ್ ಟರ್ಮ್ ಡಿಸೆಬಿಲಿಟಿ ಇನ್ಶೂರೆನ್ಸ್ ಇಲ್ದಿದ್ರ ಅವ್ರ ಮನಿ ಬಾಡಗಿ ಹೋಗ್ತಿರಲಿಲ್ಲ, ಅಣ್ಣಾರ ಕಂಪನ್ಯಾಗ ಅದು ಐತೇನು ಅಂತ ರಾಜೀನಾಮೆ ಕೊಡೋಕ್ಕಿಂತ ಮೊದ್ಲ ಕೇಳ್ರಿ, ಕೊಟ್ಟ ಮ್ಯಾಲ ಕೇಳಿದ್ರ ತಡ ಆಗಬಹುದು. ಆದ್ರ ನಿಮ್ಮ ಅಣ್ಣಾರಿಗೆ ಈ ಐದು ತಿಂಗಳು ಕಾಯೋದು ಇಲ್ಲ ರೀ! ಎಎಲ್‌ಎಸ್ ಒಂದಕ್ಕ ಮಾತ್ರ ಅದನ್ನ ತೆಗೆದಾರ, 2020ರ ಡಿಸೆಂಬರ್‌ದಾಗ ಕಾನೂನು ಆತು, ಆ ವರ್ಷದ ಜುಲೈ 23ರಿಂದ ಅಪ್ರೂವ್ ಆದವ್ರಿಗೆಲ್ಲ ಅನ್ವಯ. ಮೆಡಿಕೇರ್, ಅಂದ್ರ ಅಲ್ಲಿನ ಸರ್ಕಾರದ ಆರೋಗ್ಯ ವಿಮೆ, ಅದರದ್ದೂ ಹಂಗ, ಬಾಕಿಯವ್ರು ದುಡ್ಡು ಶುರುವಾಗಿ 24 ತಿಂಗಳು ಕಾಯಬೇಕು, ಎಎಲ್‌ಎಸ್‌ನವ್ರಿಗೆ 2001ರಿಂದ ಆ ಕಾಯೋದು ತೆಗೆದು, ಡಿಸೆಬಿಲಿಟಿ ದುಡ್ಡು ಶುರುವಾದ ತಿಂಗಳಿಂದನ ಕೊಡ್ತಾರ. ನಮ್ಮ ಮಾಮ ಆ 24 ತಿಂಗಳು ಮುಟ್ಟಲಿಲ್ಲ. ಅಂಥ ರೋಗಕ್ಕ ಎರಡು ವರ್ಷ ಕಾಯ್ರಿ ಅನ್ನೋದು ಎಂಥ ರೂಲೋ, ನನಗ ಇವತ್ತಿಗೂ ಹೊಟ್ಟ್ಯಾಗ ಉರಿ ಆಗ್ತೈತಿ. ತೀರ್ಮಾನ ಬೇಗ ಕೊಟ್ಟವ್ರಿಗೆ ಇದನ್ನೂ ಬೇಗ ಕೊಡಾಕ ಬರಬೇಕಿತ್ತು.

ಯಾರಿಗೆ ಸಿಗತೈತಿ ಅನ್ನೋದಕ್ಕ ಬರ್ತೀನಿ. ಇದು ದುಡಿದವ್ರು ಸೋಶಿಯಲ್ ಸೆಕ್ಯುರಿಟಿ ಟ್ಯಾಕ್ಸ್ ಕಟ್ಟಿ ಗಳಿಸಿದ ಹಕ್ಕು, ದಾನ ಅಲ್ಲ, ಇದನ್ನ ಅಣ್ಣಾರಿಗೆ ಸಾರಿ ಸಾರಿ ಹೇಳ್ರಿ, ನಮ್ಮ ಮಾಮ ಸರ್ಕಾರದ ಮುಂದ ಕೈ ಚಾಚಬೇಕಾ ಅಂತ ಮೊದ್ಲು ಭಾಳ ಮುಜುಗರ ಪಟ್ಟಿದ್ರು. ಟ್ಯಾಕ್ಸ್ ಕಟ್ಟಿ ದುಡಿದದ್ದಕ್ಕ ಕ್ರೆಡಿಟ್ ಅಂತ ಅಂಕ ಕೊಡ್ತಾರ, ವರ್ಷಕ್ಕ ಹೆಚ್ಚಂದ್ರ 4 ಸಿಗ್ತಾವ, 41ರ ವಯಸ್ಸಿಗೆ ಕಡೀ ಹತ್ತು ವರ್ಷದಾಗ 20 ಕ್ರೆಡಿಟ್ ಬೇಕು, ಅಂದ್ರ ಐದು ವರ್ಷದ ದುಡಿಮೆ, ಅಣ್ಣಾರದ್ದು ಎಂಟೊಂಬತ್ತು ಐತಲ್ಲ, ಅಡ್ಡಿ ಇಲ್ಲ. ಇಲ್ಲಿ ಬೆಂಗಳೂರಾಗ ಪಿಎಫ್ ಕಟ್ಟಿದ ವರ್ಷ ಲೆಕ್ಕಕ್ಕ ಬರಂಗಿಲ್ಲ, ಎರಡೂ ದೇಶದ ನಡುವ ಹಂಗ ದುಡಿದ ವರ್ಷ ಕೂಡಿಸೋ ಒಪ್ಪಂದ ಇಲ್ಲ. ಇನ್ನ ನಮ್ಮ ಮಂದಿ ಎಷ್ಟು ಪರ್ಸೆಂಟ್ ಡಿಸೆಬಿಲಿಟಿ ಬರಸ್ಬೇಕು ಅಂತ ಕೇಳ್ತಾರ, ನಮ್ಮಲ್ಲಿ ಯುಡಿಐಡಿ ಕಾರ್ಡಿಗೆ, ನಾಡಕಚೇರಿ ಪಿಂಚಣಿಗೆ 40, 75 ಅಂತ ಇರತೈತಲ್ಲ. ಅಲ್ಲಿ ಪರ್ಸೆಂಟ್ ಇಲ್ಲ. ದುಡಿಯಾಕ ಆಗತೈತಾ ಇಲ್ಲಾ ಅಷ್ಟ. ಅದಕ್ಕ ಅಣ್ಣಾರು ಆ ಆಫೀಸಿನವ್ರು ಇಟ್ಟ ಗಳಿಕೆ ಮಿತಿ ದಾಟಿ ಇನ್ನೂ ದುಡೀತಿದ್ರ ರೋಗ ಲಿಸ್ಟ್‌ನ್ಯಾಗ ಇದ್ರೂ ಅರ್ಜಿ ಅಲ್ಲೇ ಬೀಳತೈತಿ, ಕೆಲಸದ ಕಡೀ ದಿನ ಯಾವ್ದು ಅನ್ನೋದನ್ನ ಎಚ್‌ಆರ್ ಕಡಿಂದ ಬರಸ್ಕೊಂಡು ಇಟ್ಕೊಳ್ರಿ.

ಅರ್ಜಿಗೆ ಫೀಸಿಲ್ಲ. ಆನ್‌ಲೈನ್‌ದಾಗೂ ಹಾಕಬಹುದು, ಫೋನ್‌ನ್ಯಾಗೂ ಹಾಕಬಹುದು, ಮೊದಲ್ನೇ ಅರ್ಜಿಗೆ ವಕೀಲರೂ ಬೇಕಾಗಿಲ್ಲ ಇಂಥ ಕೇಸಿಗೆ. 18 ಆಗದ ಮಕ್ಕಳಿದ್ರ ಅವ್ರ ಹೆಸರೂ ಅದರಾಗ ಹಾಕ್ರಿ, ಅಪ್ಪನ ಮೊತ್ತದ ಅರ್ಧದವರೆಗೂ ಮಗುವಿಗೆ ಬರಬಹುದು, ಮನಿಗೆಲ್ಲಾ ಸೇರಿ ಒಂದು ಮಿತಿ ಇರತೈತಿ ಅಷ್ಟ. ಅಕ್ಕಗ ಇದು ಯಾರೂ ಹೇಳಿರಲಿಲ್ಲ, ಫೋನ್‌ನ್ಯಾಗ ಮಾತಾಡಿದ ಹೆಣ್ಮಗಳು ತಾನ ಕೇಳಿದ್ಲು, ಮಕ್ಕಳದಾರೇನಮ್ಮಾ ಅಂತ.

ನಿಮ್ಮ ಅಪ್ಪ ಅವ್ವ ಅಣ್ಣಾರನ್ನ ಊರಿಗೆ ಕರಕೊಂಡು ಬರೋಣ ಅನ್ನಾಕತ್ತಾರ ಅಂತನೂ ಬರದೀರಿ. ನಮ್ಮ ಮನ್ಯಾಗೂ ಇದ ಮಾತು ದಿನಾ ನಡೀತು. ಬರೋದು ಬಿಡೋದು ನಿಮ್ಮ ಮನಿ ವಿಚಾರ, ಆದ್ರ ಸಿಟಿಜನ್ ಅಲ್ದವ್ರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ರ ದುಡ್ಡು ನಿಲ್ಲಬಹುದು, ಮೆಡಿಕೇರ್ ಇಲ್ಲಿ ರಾಯಚೂರಾಗ ಆಗ್ಲಿ ಬೆಂಗಳೂರಾಗ ಆಗ್ಲಿ ನಡಿಯಂಗಿಲ್ಲ. ಟಿಕೆಟ್ ಮಾಡ್ಸೋಕ್ಕಿಂತ ಮೊದ್ಲ ಅಣ್ಣಾರ ಹೆಸರ್ಲೆ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಒಂದು ಫೋನ್ ಮಾಡಿ ಕೇಳಿಸ್ರಿ.

ಈ ವಾರನ ಅರ್ಜಿ ಹಾಕಿಬಿಡ್ರಿ. ಅಣ್ಣಾರ ಮನಿಯವ್ರಿಗೆ ಫಾರ್ಮ್ ತುಂಬೋ ಪುರುಸೊತ್ತು ಇರಂಗಿಲ್ಲ, ನೀವ ಇಲ್ಲಿಂದ ಪಕ್ಕಕ್ಕ ಕುಂತಂಗ ಕುಂತು ಬರಸ್ರಿ. ಎಲ್ಲೆರೆ ತೊಡಕಾದ್ರ ಇಲ್ಲೇ ಕೆಳಗ ಬರೀರಿ, ರಾತ್ರಿ 9ರ ಮ್ಯಾಲ ನಾನು ನೋಡ್ತೀನಿ.