ತಲೆಯಲ್ಲಿ ಏನೂ ಸಿಗಲಿಲ್ಲ!

‘ತಲೆಯ ಸ್ಕ್ಯಾನ್ ಮಾಡಲಾಯಿತು, ಏನೂ ಕಂಡುಬಂದಿಲ್ಲ’ ಎಂದು ಡಾಕ್ಟರು ನನ್ನ ಫೈಲಿನಲ್ಲಿ ಬರೆದಿದ್ದಾರೆ. ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ. ಸಿಗರೇಟು ಮುಟ್ಟಿಯೂ ನೋಡದ ನಾನು ‘ಧೂಮಪಾನವನ್ನು ನಿರಾಕರಿಸುತ್ತಾರೆ’ ಅಂತೆ. ಇವರಿಗೆ ಸರಿಯಾಗಿ ಬರೆಯಲು ಕಲಿಸುವವರು ಇಲ್ಲವೇ?
– ಒಬ್ಬ ಓದುಗ

ಪ್ರಿಯ ಓದುಗರೇ,

ಮೊದಲು ಸಮಾಧಾನ ಮಾಡಿಕೊಳ್ಳಿ. ತಲೆಯಲ್ಲಿ ಏನಾದರೂ ಸಿಕ್ಕಿದ್ದರೆ ಇಷ್ಟು ಹುರುಪಿನ ಪತ್ರ ನಮಗೆ ಬರುತ್ತಿರಲಿಲ್ಲ.

‘ನಿರಾಕರಿಸುತ್ತಾರೆ’ ಎಂದು ಓದಿದರೆ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ, ನಿಜ. ಆದರೆ ಅದು ವೈದ್ಯರ ಹಳೆಯ ರೂಢಿ. ‘ಸೇದುತ್ತೀರಾ?’ ಎಂದರು, ನೀವು ‘ಇಲ್ಲ’ ಅಂದಿರಿ, ಅಷ್ಟೇ. ಇಂಗ್ಲಿಷ್ ಫೈಲಿನಲ್ಲಿ ಹೃದಯ ‘ಅನ್‌ರಿಮಾರ್ಕಬಲ್’, ಅಂದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಎಂದಿದ್ದರೂ ಬೇಜಾರು ಬೇಡ. ಹೃದಯ ಚೆನ್ನಾಗಿದೆ ಎಂದೇ ಅದರ ಅರ್ಥ. ಏದುಸಿರಿಗೆ ಅವರು ಬರೆಯುವುದು ‘ಎಸ್‌ಒಬಿ’. ಅದೇ ಮೂರಕ್ಷರ ಇಂಗ್ಲಿಷಿನಲ್ಲಿ ಬೈಗುಳವೂ ಹೌದು! ಉಸಿರು ಕಟ್ಟಿಕೊಂಡು ಬಂದವರು ಅದನ್ನು ಓದಿದರೆ ಬಿಪಿಯೂ ಏರುತ್ತದೆ, ಅಲ್ವಾ?

ಇನ್ನು ಬರವಣಿಗೆ. ಕೆಲವೆಡೆ ಡಾಕ್ಟರು ಹೇಳುತ್ತಾ ಹೋಗುತ್ತಾರೆ, ಇನ್ನೊಬ್ಬರು ಟೈಪ್ ಮಾಡುತ್ತಾರೆ. ಈಗ ಕಂಪ್ಯೂಟರೇ ಕೇಳಿಸಿಕೊಂಡು ಬರೆಯುವುದೂ ಉಂಟು. ಹೊರಗೆ ಸಾಲು ಕಾಯುತ್ತಿರುವಾಗ ಮತ್ತೆ ಓದಿ ನೋಡುವವರು ಯಾರು? ಕನ್ನಡದಲ್ಲಿ ಬರೆದರೂ ಬಚಾವಾಗುವುದಿಲ್ಲ. ‘ಹೃದಯಾಘಾತದಿಂದ ತೀರಿಕೊಂಡ ರೋಗಿಯ ತಂದೆಗೆ ಸಕ್ಕರೆ ಕಾಯಿಲೆ ಇತ್ತು’ ಎಂದು ಬರೆದರು ಅನ್ನಿ. ತೀರಿಕೊಂಡವರು ತಂದೆ. ಆದರೆ ವಾಕ್ಯ ರೋಗಿಯನ್ನೇ ಸಾಯಿಸಿ, ಕೆಳಗೆ ಮಾತ್ರೆ ಬರೆದು, ವಾರ ಬಿಟ್ಟು ಬರಲು ಹೇಳುತ್ತದೆ. ‘ರೋಗಿಯ ತಂದೆ ತೀರಿಕೊಂಡಿದ್ದು ಹೃದಯಾಘಾತದಿಂದ’ ಎಂದಿದ್ದರೆ ಒಂದು ಜೀವ ಉಳಿಯುತ್ತಿತ್ತು. ಇಂಥ ವಾಕ್ಯಗಳು ನಮ್ಮ ಕಚೇರಿಗೂ ದಿನಾ ಬರುತ್ತವೆ. ಅವನ್ನು ಬರೆಯುವವರು ಡಾಕ್ಟರಲ್ಲ!

ನಗಬಾರದ ತಪ್ಪುಗಳೂ ಇವೆ. ಇನ್ಸುಲಿನ್ 10 ಯೂನಿಟ್ ಎನ್ನಲು 10ರ ಪಕ್ಕ ಇಂಗ್ಲಿಷಿನ ‘ಯು’ ಅಕ್ಷರ ಗೀಚಿದರೆ ಅದು ಸೊನ್ನೆಯ ಹಾಗೆ ಕಾಣಬಹುದು. ಆಗ 10 ಹೋಗಿ 100 ಆಗುತ್ತದೆ. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ಹೊರತಂದ ‘ಬಳಸಬೇಡಿ’ ಪಟ್ಟಿಯಲ್ಲಿ ಈ ‘ಯು’ ಕೂಡ ಇದೆ. ‘ಯೂನಿಟ್’ ಎಂದು ಪೂರ್ತಿ ಬರೆಯಬೇಕು. ಹಳೆಯ ಟಿಪ್ಪಣಿಯನ್ನೇ ಕಾಪಿ ಮಾಡುವುದೂ ಅಪಾಯ. ಹೋದ ಸಲದ ಬಲಗಾಲು ಈ ಸಲದ ಎಡಗಾಲಿನ ಜಾಗಕ್ಕೆ ಬಂದು ಕೂರುತ್ತದೆ.

ಹಾಗಾಗಿ ಹೆಸರು, ಬದಿ, ಪ್ರಮಾಣ, ಅಲರ್ಜಿ ಇವುಗಳಲ್ಲಿ ತಪ್ಪು ಕಂಡರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ನೀವೇ ತಿದ್ದಬೇಡಿ. ಅವರೇ ಹಳೆಯದು ಕಾಣುವ ಹಾಗೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡುತ್ತಾರೆ.

ನಿಮ್ಮ ‘ಏನೂ ಕಂಡುಬಂದಿಲ್ಲ’ವನ್ನು ಮಾತ್ರ ಹಾಗೇ ಬಿಡಿ. ಮನೆಯವರ ನಗುವನ್ನು ಯಾಕೆ ಸುಮ್ನೆ ಕಿತ್ತುಕೊಳ್ಳುತ್ತೀರಿ?

– ಸಂಪಾದಕ